ಒಲೆಗಾರ ಸವ್ವಾನಿಗೆ ಏರಿದ ಅಮಲು

ಒಲೆ ಕಟ್ಟುವವರಲ್ಲಿ ಕುಡಿಯದವನೊಬ್ಬನನ್ನು ತೋರಿಸಿ ನೋಡೋಣ ಎಂದು ರಷ್ಯಾದ ಪೂರ್ವದಂಚಿನ ನಮ್ಮ ಖಾಂಕಾ ಸರೋವರದ ಬಯಲಿನಲ್ಲಿ ಪಂಥ ಕಟ್ಟುತ್ತಾರೆ. ಇದರಲ್ಲಿ ಒಲೆಗಾರರ ತಪ್ಪೇನಿಲ್ಲ, ಪದ್ಧತಿಯೇ ಹಾಗಿದೆ. ಇಟ್ಟಿಗೆಯ ಒಲೆ ಎದ್ದು ಅದರೊಳಗೆ ಮೊದಲ ಬೆಂಕಿ ಬಿದ್ದ ದಿನ, ಕಟ್ಟಿದವನ ಕೈಗೆ ಒಂದು ಗ್ಲಾಸು ವೋಡ್ಕಾ ಕೊಡಬೇಕು. ಕೊಡದಿದ್ದರೆ ಹೊಗೆ ಮನೆಯೊಳಕ್ಕೇ ತಿರುಗುತ್ತದಂತೆ. ಹೊಗೆಗೆ ಹೆದರಿದ ಜನ ಎರಡು ಗ್ಲಾಸು ಕೊಡುತ್ತಾರೆ, ಜಂಬದವರು ಬಾಟಲಿಯನ್ನೇ ಕೊಡುತ್ತಾರೆ. ಸವ್ವಾ ಲುಕಿಚ್ ಇಪ್ಪತ್ತೈದಕ್ಕೆ ಒಳ್ಳೆಯ ಒಲೆಗಾರನೆಂದು ಹೆಸರು ಮಾಡಿದ, ಮೂವತ್ತಕ್ಕೆ ಒಳ್ಳೆಯ ಕುಡುಕನೆಂದು. ಎರಡೂ ಹೆಸರು ನ್ಯಾಯವಾಗಿಯೇ ಬಂದಿದ್ದವು.

ಅಂಥವನು ನಮ್ಮೂರಿಗೆ ಬಂದದ್ದು ಊರ ಹಿರಿಯ ನಜಾರ್ ಯೆಫಿಮೊವಿಚ್ಚರ ಮನೆಯ ಒಲೆ ಕುಸಿದದ್ದರಿಂದ. ನಾವು ಮೊಲೊಕಾನ್ ಪಂಥದ ಕ್ರೈಸ್ತರು. ನಮ್ಮಲ್ಲಿ ಪಾದ್ರಿ ಇಲ್ಲ, ಶಿಲುಬೆ ಇಲ್ಲ, ಗೋಡೆಯ ಮೇಲೆ ದೇವರ ಪಟ ಇಲ್ಲ. ಭಾನುವಾರ ಸಭೆ ಸೇರಿ ಕೀರ್ತನೆ ಹಾಡುತ್ತೇವೆ, ಅಷ್ಟೇ. ಹಂದಿ ತಿನ್ನುವುದಿಲ್ಲ. ತಿನ್ನದ ಮೇಲೆ ಸಾಕುವುದು ಯಾವ ಭಾಗ್ಯಕ್ಕೆ, ಸಾಕುವುದೂ ಇಲ್ಲ. ಹೆಂಡದ ಮಾತಂತೂ ಎತ್ತಲೇಬೇಡಿ. ಇಲ್ಲೇ ಹುಟ್ಟಿ ಬೆಳೆದವರಿಗೆ ಅದರ ವಾಸನೆ ಕೂಡ ಗೊತ್ತಿರಲಿಲ್ಲ. ಇಂಥ ಊರಿಗೆ ಹೊಳೆಯಾಚೆಯ ಒಲೆಗಾರ ತೂರಾಡುತ್ತ ಬಂದಾಗ ಪಾಪ ಮಕ್ಕಳು ಅವನಿಗೆ ಕಾಲು ನೋವಿರಬೇಕು ಎಂದುಕೊಂಡರು.

ತೂರಾಡುತ್ತಲೇ ಕಟ್ಟಿದ ಒಲೆ ನೆಟ್ಟಗೆ ನಿಂತಿತು. ಮೊದಲ ಬೆಂಕಿಯ ದಿನ ಸವ್ವಾ ಪದ್ಧತಿಯಂತೆ ಒಲೆಯ ಮುಂದೆ ನಿಂತು ಕೈ ಚಾಚಿದ. ನಜಾರರ ತಂಗಿ ಮಲಾನ್ಯಾ ಆಗ ವಿಧವೆಯಾಗಿ ಅಣ್ಣನ ಮನೆಯಲ್ಲಿದ್ದಳು. ಅವಳು ಆ ಕೈಯನ್ನೊಮ್ಮೆ ನೋಡಿ, ಆಗಷ್ಟೇ ಒಲೆಯಿಂದ ತೆಗೆದ ಗುಂಡು ರೊಟ್ಟಿಯನ್ನು ಅದರ ಮೇಲಿಟ್ಟಳು.

"ಇದೇನಮ್ಮಾ ಇದು?" ಎಂದ ಸವ್ವಾ, ಸುಡುವ ರೊಟ್ಟಿಯನ್ನು ಕೈಯಿಂದ ಕೈಗೆ ಹಾಕುತ್ತ.

"ರೊಟ್ಟಿ. ನಮ್ಮಲ್ಲಿ ಇರೋದು ಇದೇ. ಬಿಸಿ ಇದ್ದಾಗ್ಲೇ ತಿನ್ನು, ಪೂರ್ತಿ ತಿನ್ನು. ಹೊಗೆ ತಿರುಗಿದ್ರೆ ನಿನ್ನೇ ಕರೀತೀನಿ."

ಸವ್ವಾ ನಿಂತಲ್ಲೇ ಪೂರ್ತಿ ತಿಂದ. ಹೊಗೆ ತಿರುಗಲಿಲ್ಲ. ಆದರೂ ಹೊಗೆ ನೋಡಿಕೊಂಡು ಹೋಗುತ್ತೇನೆಂದು ಮರುವಾರ ಬಂದ, ಅದರ ಮರುವಾರವೂ ಬಂದ. ನಾಲ್ಕನೆಯ ಸಲ ಬಂದವನು ಹಿಂದಕ್ಕೆ ಹೋಗಲಿಲ್ಲ. ಕುಡಿತ ಬಿಡಲು ಅವನು ಪಟ್ಟ ಪಾಡನ್ನು ವಿವರಿಸುವುದಿಲ್ಲ. ನಜಾರರ ಕೊಟ್ಟಿಗೆಯಲ್ಲಿ ನಡುಗುತ್ತ ಬಿದ್ದವನನ್ನು ಕಂಡು ಹಸುಗಳೂ ಮೇವು ಬಿಟ್ಟವು ಎಂದರೆ ಸಾಕು. ನಜಾರರಿಗೆ ಈ ಸಂಬಂಧ ಸುತರಾಂ ಇಷ್ಟವಿರಲಿಲ್ಲ. ನಾಯಿ ಬಾಲ ಎಂದಿದ್ದರೂ ಡೊಂಕೇ ಎಂದರು. ತಂಗಿ ಕೇಳಲಿಲ್ಲ. ಮದುವೆಯ ದಿನ ಸಭೆಯ ಮುಂದೆ ಎದ್ದು ನಿಂತು ಹೀಗೆ ಹೇಳಿದಳು:

"ನನ್ನ ಮೊದಲ್ನೇ ಗಂಡ ಒಂದು ತೊಟ್ಟೂ ಕುಡಿದೋನಲ್ಲ. ಸುಳ್ಳು ಮಾತ್ರ ಹೇಳ್ತಿದ್ದ. ಮಧ್ಯಾಹ್ನ ಏನು ಉಂಡೆ ಅಂತ ಕೇಳಿದ್ರೂ ಸುಳ್ಳು. ಅದಕ್ಕೇ ಈಗ್ಲೇ ಹೇಳಿಬಿಡ್ತೀನಿ, ಎಲ್ರೂ ಕೇಳಿಸ್ಕೊಳ್ಳಿ. ಇವನು ಕುಡಿದು ಬಂದ್ರೆ ಒಂದ್ಸಲ ಕ್ಷಮಿಸ್ತೀನಿ, ಮನುಷ್ಯ ಅಂದ್ಮೇಲೆ ಎಡವ್ತಾನೆ. ಸುಳ್ಳು ಹೇಳಿದ್ರೆ ಅವತ್ತೇ ಗಂಟು ಕಟ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ."

ಸವ್ವಾ ತಲೆಯಾಡಿಸಿದ. ಹನ್ನೊಂದು ವರ್ಷ ಅವಳಿಗೆ ಗಂಟು ಕಟ್ಟುವ ಸಂದರ್ಭ ಬರಲಿಲ್ಲ. ಸವ್ವಾ ಊರಿನ ಒಲೆಗಳನ್ನೆಲ್ಲ ಕಟ್ಟಿದ, ಬಿದ್ದವನ್ನು ಮತ್ತೆ ಕಟ್ಟಿದ, ಸಭೆಯಲ್ಲಿ ಗಂಡಸರ ಕಡೆಯ ಮುಂದಿನ ಬೆಂಚಿನಲ್ಲಿ ಕೂತು ದಪ್ಪ ದನಿಯಲ್ಲಿ ಕೀರ್ತನೆ ಹಾಡಿದ. ವೋಡ್ಕಾದ ಬದಲು ಒಲೆಗಾರನಿಗೆ ಒಂದು ಇಡೀ ಬಿಸಿ ರೊಟ್ಟಿ ಎನ್ನುವುದು ಊರಿನ ಪದ್ಧತಿಯಾಗಿಬಿಟ್ಟಿತು. ಪದ್ಧತಿ ಅಂದ ಮೇಲೆ ಅದಕ್ಕೆ ನಿಯಮ ಹುಟ್ಟದೆ ಇರುತ್ತದೆಯೇ? ಹೊಸ ಒಲೆಗೆ ಹೊಸ ಬೆಳೆಯ ಹಿಟ್ಟೇ ಆಗಬೇಕು ಎಂದು ಹೆಂಗಸರು ಸೇರಿಸಿದರು.

ಜಪಾನಿನ ಯುದ್ಧ ಮುಗಿದ ಎರಡನೆಯ ವರ್ಷ ಗೋಧಿ ಹೂ ಬಿಡುವ ಹೊತ್ತಿಗೆ ಸಮುದ್ರದ ಕಡೆಯಿಂದ ಮಂಜು ಬಂದು ಕೂತಿತು, ಮೇಲೇಳಲೇ ಇಲ್ಲ. ಮಂಜು ಎದ್ದಾಗ ಮಳೆ ಬಂತು. ಕೊಯ್ದ ಸಿವುಡುಗಳು ಹೊಲದಲ್ಲೇ ನೆಂದವು. ಕಣಕ್ಕೆ ತಂದು ಒಕ್ಕಿದಾಗ ಅರ್ಧ ಜೊಳ್ಳು. ಉಳಿದ ಕಾಳು ಹಗುರ, ಮೈಯೆಲ್ಲ ಸುಕ್ಕು, ಅಲ್ಲಲ್ಲಿ ತಿಳಿ ಗುಲಾಬಿ ಬಣ್ಣದ ಬೂಷ್ಟು.

"ಮದುವಣಗಿತ್ತಿ ಕೆನ್ನೆ ಥರ ಇದೆ ಕಣ್ರೋ," ಎಂದಳು ಅಕುಲಿನಾ ಅಜ್ಜಿ, ಬೊಗಸೆಯಲ್ಲಿ ಹಿಡಿದು.

ದೇವರು ಕೊಟ್ಟದ್ದಕ್ಕೆ ಹೆಸರಿಡಬಾರದೆಂದು ಎಲ್ಲರೂ ಅದನ್ನು ಕಣಜಕ್ಕೆ ತುಂಬಿದರು. ನಮ್ಮಲ್ಲಿ ಹೋದ ವರ್ಷದ ಕಾಳು ಮುಗಿಯುವ ತನಕ ಹೊಸದನ್ನು ಮುಟ್ಟುವುದಿಲ್ಲ. ಸುಗ್ಗಿಯ ಸಭೆಯ ದಿನ ಊರೆಲ್ಲ ಒಟ್ಟಿಗೆ ಕೂತು ಹೊಸ ರೊಟ್ಟಿ ಮುರಿಯಬೇಕು. ಅಲ್ಲಿಯ ತನಕ ಹೊಸ ಹಿಟ್ಟು ತಿನ್ನುವ ಅಧಿಕಾರ ಊರಲ್ಲಿ ಒಬ್ಬನಿಗೇ ಇತ್ತು. ಆ ವರ್ಷದ ಮಳೆಗೆ ಒಲೆಗಳೂ ನೆಂದು ಬಿರುಕು ಬಿಟ್ಟಿದ್ದರಿಂದ ಸವ್ವಾನಿಗೆ ಕೈತುಂಬ ಕೆಲಸವಿತ್ತು.

ಮೊದಲು ಅಕುಲಿನಾ ಅಜ್ಜಿಯ ಒಲೆ. ಬೆಂಕಿ ಹಾಕಿ, ರೊಟ್ಟಿ ಬೆಂದು, ಸವ್ವಾ ಅದನ್ನು ತಿಂದು, ಅಜ್ಜಿಯ ಹಾಲು ಕುಡಿದು, ಹರಟೆ ಮುಗಿಸಿ ಹೊರಟ. ಹೊರಟವನಿಗೆ ಬೀದಿ ಯಾಕೋ ಒಂದು ಕಡೆಗೆ ವಾಲಿದಂತೆ ಕಂಡಿತು. ವಾಲಿದ ಬೀದಿಯಲ್ಲಿ ನೆಟ್ಟಗೆ ನಡೆಯಬೇಕೆಂದರೆ ಇನ್ನೊಂದು ಕಡೆಗೆ ವಾಲಬೇಕಲ್ಲ, ವಾಲಿದ. ಆಮೇಲೆ ಹಾಡು ಬಂತು. ಕೀರ್ತನೆಯಲ್ಲ, ಹುಡುಗನಾಗಿದ್ದಾಗ ಇಟ್ಟಿಗೆ ಗೂಡಿನಲ್ಲಿ ಕಲಿತದ್ದು. ಎರಡನೆಯ ಚರಣಕ್ಕೆ ಮೋರಿಯಲ್ಲಿ ಕೂತಿದ್ದ. ಊರಿಗೆ ಊರೇ ಬಾಗಿಲಿಗೆ ಬಂತು. ನಜಾರ್ ಗಡ್ಡ ಹಿಡಿದುಕೊಂಡು ಬಂದು ಮೋರಿಯ ದಡದಲ್ಲಿ ನಿಂತರು.

"ಏನೋ ಇದು ಸವ್ವಾ?"

"ಏನಿಲ್ಲ ಭಾವ. ಮೋರಿ ಚೆನ್ನಾಗಿದೆ. ನೀವೂ ಬನ್ನಿ."

ನಾಲ್ಕು ಜನ ಹೊತ್ತುಕೊಂಡು ಹೋಗಿ ಮನೆಯಲ್ಲಿ ಮಲಗಿಸಿದರು. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ಮೈ ನಡುಗುತ್ತಿತ್ತು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಈ ತಲೆನೋವು ಸವ್ವಾನಿಗೆ ಹಳೆಯ ನೆಂಟ, ಗುರುತು ಹಿಡಿಯಲು ತಡವಾಗಲಿಲ್ಲ. ಹಿಂದಿನ ಕಾಲದಲ್ಲಿ ಅವನು ಬಾಟಲಿ ಬಚ್ಚಿಡುತ್ತಿದ್ದ, ಕುಡಿಯುತ್ತಿದ್ದ, ಕುಡಿದದ್ದನ್ನೂ ಬಚ್ಚಿಟ್ಟದ್ದನ್ನೂ ಮರೆಯುತ್ತಿದ್ದ. ಈಗಲೂ ಹಾಗೇ ಆಗಿರಬೇಕು ಎಂದುಕೊಂಡು ಎದ್ದು ಹುಡುಕತೊಡಗಿದ. ಬೂಟಿನೊಳಗೆ ನೋಡಿದ, ಒಲೆಯ ಬೂದಿಯಲ್ಲಿ ಕೈಯಾಡಿಸಿದ, ಹಿಟ್ಟಿನ ಪೆಟ್ಟಿಗೆ ಬಗ್ಗಿಸಿದ. ಮಲಾನ್ಯಾ ಬಾಗಿಲಲ್ಲಿ ನಿಂತು ನೋಡಿದಳು.

"ಏನು ಹುಡುಕ್ತಿದೀಯ?"

"ಬಾಟ್ಲಿ."

"ಯಾವ ಬಾಟ್ಲಿ?"

"ಅದೇ ಗೊತ್ತಿಲ್ಲ. ಎಲ್ಲೋ ಇಟ್ಟಿರ್ಬೇಕು. ಇಡ್ದೆ ಹಿಂಗಾಗಲ್ಲ."

ಮಲಾನ್ಯಾ ತೋಳು ಮಡಚಿಕೊಂಡು ತಾನೂ ಹುಡುಕಿದಳು. ಗಂಡ ಹೆಂಡತಿ ಅಟ್ಟ ಹತ್ತಿದರು, ನೆಲಮಾಳಿಗೆ ಇಳಿದರು, ಕೋಳಿಗೂಡು ಬಿಡಲಿಲ್ಲ. ಬಾಟಲಿ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಇಬ್ಬರಿಗೂ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಎರಡನೆಯದು ಕಮ್ಮಾರನ ಮನೆಯ ಒಲೆ. ಆ ದಿನ ಸವ್ವಾ ಬೆಳಗಿನಿಂದ ತನ್ನ ಮೇಲೆ ತಾನೇ ಕಣ್ಣಿಟ್ಟಿದ್ದ. ಎಲ್ಲಿಗೂ ಹೋಗಲಿಲ್ಲ, ಏನನ್ನೂ ಬಾಯಿಗೆ ಹಾಕಲಿಲ್ಲ. ಕೊನೆಗೆ ಪದ್ಧತಿಯ ರೊಟ್ಟಿಯೊಂದನ್ನು ತಿಂದ, ಅಷ್ಟೇ. ಸಂಜೆಯ ಹೊತ್ತಿಗೆ ಕಮ್ಮಾರನ ಕರುವನ್ನು ತಬ್ಬಿಕೊಂಡು ನಿನ್ನಂಥ ಸ್ನೇಹಿತ ಸಿಗಲಾರ ಎಂದು ಅಳುತ್ತಿದ್ದ. ನಜಾರ್ ಬಂದು, ಹತ್ತು ಜನರ ಎದುರು ಅವನ ಬಾಯಿಗೆ ಮೂಗು ಹಿಡಿದರು.

"ಬರೀ ರೊಟ್ಟಿ ವಾಸನೆಯಲ್ವಾ?" ಎಂದಳು ಅಕುಲಿನಾ ಅಜ್ಜಿ.

"ಸಾರಾಯಿನೂ ಕಾಳಿಂದ್ಲೇ ಮಾಡೋದು ಅಜ್ಜಿ," ಎಂದರು ನಜಾರ್. "ಇದೇ ಇರ್ಬೇಕು ಅದರ ವಾಸನೆ."

ಗೊತ್ತಿಲ್ಲದವರ ನಡುವೆ ಗಟ್ಟಿಯಾಗಿ ಹೇಳಿದವನೇ ಪಂಡಿತ. ಭಾನುವಾರದ ಸಭೆಯಲ್ಲಿ ವಿಚಾರಣೆ ಎಂದು ತೀರ್ಮಾನವಾಯಿತು. ಹಿಂದಿನ ದಿನ ಮಲಾನ್ಯಾ ಗಂಡನ ಮುಂದೆ ನೂಡಲ್ ಸಾರಿನ ಬಟ್ಟಲಿಟ್ಟು ಎದುರಿಗೆ ಕೂತಳು.

"ನಾಳೆ ಕೇಳ್ತಾರೆ. ಕುಡಿದಿದ್ರೆ ಕುಡಿದೆ ಅನ್ನು. ಒಂದ್ಸಲ ಕ್ಷಮಿಸ್ತೀನಿ ಅಂದಿದೀನಿ, ಕ್ಷಮಿಸ್ತೀನಿ. ಇಲ್ಲ ಅಂತ ಮಾತ್ರ ಸುಳ್ಳು ಹೇಳ್ಬೇಡ."

"ಕುಡಿದದ್ದು ನೆನಪೇ ಇಲ್ಲ ಕಣೆ."

"ನೆನಪಿಲ್ಲ ಅನ್ನೋದು ಸುಳ್ಳಿನ ತಮ್ಮ."

ಕುಡಿದಿಲ್ಲವೆಂದು ಸವ್ವಾನಿಗೆ ಈಗ ಖಾತ್ರಿಯಿತ್ತು. ಕಮ್ಮಾರನ ಅಂಗಳಕ್ಕೂ ಕರುವಿನ ಕತ್ತಿಗೂ ನಡುವೆ ಬಾಟಲಿ ತೂರುವಷ್ಟು ಜಾಗವೇ ಇರಲಿಲ್ಲ. ಆದರೆ ಇಲ್ಲ ಎಂದರೆ ಯಾರು ನಂಬುತ್ತಾರೆ? ತೂರಾಡಿದ್ದನ್ನು ಊರೇ ನೋಡಿದೆ. ಇಲ್ಲ ಎಂದರೆ ಅವಳ ಕಣ್ಣಲ್ಲಿ ಸುಳ್ಳುಗಾರ, ಅವಳು ಗಂಟು ಕಟ್ಟುತ್ತಾಳೆ. ಹೌದು ಎಂದರೆ ಕ್ಷಮೆಯಿದೆ, ಅವಳಿರುತ್ತಾಳೆ. ಇರಬೇಕಾದದ್ದು ಅವಳು. ಹೀಗೆ ಒಬ್ಬ ಮನುಷ್ಯ, ಸುಳ್ಳು ಸಹಿಸದ ಹೆಂಡತಿಯನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವುದೆಂದು ನಿಶ್ಚಯಿಸಿದ.

"ಕುಡಿದೆ," ಎಂದ ಸಭೆಯಲ್ಲಿ ಎದ್ದು ನಿಂತು.

"ಎಲ್ಲಿಂದ ಬಂತು?" ಎಂದರು ನಜಾರ್.

ಇದನ್ನು ಅವನು ಯೋಚಿಸಿರಲಿಲ್ಲ. ಕಿಟಕಿಯಾಚೆ ಊರ ಕೊನೆಯಲ್ಲಿ ಚೀನೀ ಅಂಗಡಿಕಾರ ಲ್ಯುವಿನ ಛಾವಣಿ ಕಾಣಿಸಿತು. ಉಪ್ಪು, ದಾರ, ಚಹಾ ಮಾರುವ ಲ್ಯು ಹೊಳೆಯಾಚೆಯವರಿಗೆ ಜೋಳದ ಸಾರಾಯಿಯನ್ನೂ ಮಾರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮವರಿಗೆ ಅವನು ಹನಿಯನ್ನೂ ಕೊಟ್ಟವನಲ್ಲ.

"ಲ್ಯು ಅಂಗಡಿಯಿಂದ," ಎಂದ ಸವ್ವಾ. ಒಮ್ಮೆ ಹೊರಟ ಸುಳ್ಳು ಬರಿಗೈಯಲ್ಲಿ ನಿಲ್ಲುವುದಿಲ್ಲ. "ಜೋಳದ ಸಾರಾಯಿ. ನೀಲಿ ಬಟ್ಟಲಲ್ಲಿ ಕೊಟ್ಟ."

ಹೆಂಗಸರ ಸಾಲಿನಲ್ಲಿ ಮಲಾನ್ಯಾ ದೊಡ್ಡದೊಂದು ಉಸಿರು ಬಿಟ್ಟಳು. ಸಭೆ ತೀರ್ಪು ಕೊಟ್ಟಿತು: ಸುಗ್ಗಿಯ ಸಭೆಯ ತನಕ ಸವ್ವಾ ಬಾಗಿಲ ಬಳಿ ಕೂರಬೇಕು, ಹಾಡಬಾರದು, ಒಲೆ ಕಟ್ಟಬಾರದು. ಲ್ಯುವಿನ ಅಂಗಡಿಗೆ ಯಾರೂ ಕಾಲಿಡಬಾರದು. ಒಲೆ ಕಟ್ಟದ ಮೇಲೆ ಹೊಸ ರೊಟ್ಟಿಯೂ ಇಲ್ಲ. ಸವ್ವಾ ಹಳೆಯ ಗೋಧಿ ತಿಂದು ಕಂಬದಂತೆ ನೆಟ್ಟಗೆ ನಡೆದಾಡಿದ. ಶಿಕ್ಷೆ ಎಷ್ಟು ಚೆನ್ನಾಗಿ ಹಿಡಿಯಿತು ನೋಡಿ ಎಂದು ನಜಾರ್ ಎಲ್ಲರಿಗೂ ಹೇಳಿದರು. ಮನೆಯಲ್ಲಿ ಮಲಾನ್ಯಾ ಎಂದೂ ಇಲ್ಲದಷ್ಟು ಮೃದುವಾಗಿದ್ದಳು. ಸವ್ವಾನಿಗೆ ಮಾತ್ರ ದಿನವೂ ಲ್ಯುವಿನ ಛಾವಣಿ ಕಾಣಿಸುತ್ತಿತ್ತು, ಅದರ ಕೆಳಗೆ ಒಂದು ನರಪಿಳ್ಳೆಯೂ ಹೋಗುತ್ತಿರಲಿಲ್ಲ.

ಸುಗ್ಗಿಯ ಸಭೆಗೆ ವಾರವಿದೆ ಎನ್ನುವಾಗ ಅವನು ತಡೆಯಲಾರದೆ ಒಂದು ಮಧ್ಯಾಹ್ನ ಹಿತ್ತಿಲ ಬೇಲಿ ಹಾರಿ ಲ್ಯುವಿನ ಅಂಗಳಕ್ಕಿಳಿದ. ಲ್ಯು ಹಂದಿಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

"ಬಾ ಸವ್ವಾ. ನನ್ನ ಹತ್ರ ಸಾರಾಯಿ ಕುಡಿದೆಯಂತೆ. ಹೆಂಗಿತ್ತು, ರುಚಿ ಇತ್ತಾ?"

"ತಪ್ಪಾಯ್ತು ಲ್ಯು. ನನ್ನ ಹಾಳು ಬಾಯಿ."

"ನೀಲಿ ಬಟ್ಟಲು ನನ್ನ ಮನೇಲಿ ಇಲ್ಲ. ಹುಡುಕಿದೆ." ಲ್ಯುವಿನ ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ನಿಮ್ಮ ಜನ ನನ್ನ ಮೇಲೆ ಮುನಿಸ್ಕೊಂಡ್ರು, ಸರಿ. ಈ ಹಂದಿಗೇನು ಬಂತು ಹೇಳು? ಇದೂ ನಿಮ್ಮ ಸಭೆಗೆ ಸೇರ್ತಾ?"

ಹಂದಿಯ ತೊಟ್ಟಿ ತುಂಬ ಗೋಧಿಯಿತ್ತು, ಸುಕ್ಕು ಮೈ, ಗುಲಾಬಿ ಬಣ್ಣ. ಅಂಗಡಿಗೆ ಬಹಿಷ್ಕಾರ ಬೀಳುವ ಮುಂಚೆ ನಮ್ಮವರು ಉಪ್ಪಿಗೆ ಬದಲಾಗಿ ಕೊಟ್ಟ ಹೊಸ ಗೋಧಿ. ಹಂದಿ ಹತ್ತಿರ ಬಂದು ಮೂಸಿತು, ಸೊಟ್ಟ ಮುಖ ಮಾಡಿ ತಿರುಗಿ ನಿಂತಿತು. ಲ್ಯು ಒಂದು ಹಿಡಿ ನವಣೆ ಎಸೆದ. ಅದನ್ನು ನೆಲ ಸಮೇತ ನೆಕ್ಕಿತು.

"ದಿನಾ ಹಿಂಗೇ. ಹಸ್ಕೊಂಡು ಸಾಯ್ತೀನಿ, ಇದು ತಿನ್ನಲ್ಲ ಅಂತದೆ. ಕೋಳಿಗೆ ಬುದ್ಧಿ ಇಲ್ಲ, ಅದು ತಿಂತು. ನೋಡು ಅಲ್ಲಿ."

ಅಂಗಳದ ಮೂಲೆಯಿಂದ ಒಂದು ಕೋಳಿ ಬರುತ್ತಿತ್ತು. ಮುಂದಕ್ಕೆ ಹೆಜ್ಜೆ ಹಾಕುತ್ತಿತ್ತು, ಹೋಗುತ್ತಿದ್ದದ್ದು ಪಕ್ಕಕ್ಕೆ. ನಡುವೆ ನಿಂತು, ಅಂಗಳ ಒಂದು ಕಡೆಗೆ ವಾಲಿದೆಯೆನ್ನುವಂತೆ ತಾನು ಇನ್ನೊಂದು ಕಡೆಗೆ ವಾಲಿ, ಬೇಲಿಗೆ ಡಿಕ್ಕಿ ಹೊಡೆದು ಕೂತು, ಒಂದು ಸಲ ಕೂಗಿತು. ಸವ್ವಾ ಅದನ್ನು ಬಹಳ ಹೊತ್ತು ನೋಡಿದ. ಒಬ್ಬ ಮನುಷ್ಯ ತನ್ನನ್ನು ತಾನು ಅಷ್ಟು ಸ್ಪಷ್ಟವಾಗಿ ನೋಡಿಕೊಳ್ಳುವ ಅವಕಾಶ ಕಡಿಮೆ.

"ಅಯ್ಯೋ ದೇವರೇ," ಎಂದ. "ರೊಟ್ಟಿ ಕಣೋ ಲ್ಯು. ನಂಗೆ ಏರಿದ್ದು ರೊಟ್ಟಿ."

ಹೊಳೆಯಾಚೆಯ ಊರಲ್ಲೂ ಅದೇ ಮಂಜು ಬಿದ್ದಿತ್ತು, ಅದೇ ಗೋಧಿ ಬೆಳೆದಿತ್ತು. ಅಲ್ಲಿಯವರು ಹಂದಿ ಮುಖ ತಿರುಗಿಸಿದ ದಿನವೇ ಕಾಳನ್ನು ಪಕ್ಕಕ್ಕೆ ಸುರಿದಿದ್ದರಂತೆ. ಹಂದಿಯನ್ನು ಅಶುದ್ಧವೆಂದು ಊರಾಚೆ ಇಟ್ಟವರು ನಾವು. ನಮಗೆ ಹೇಳುವವರು ಯಾರಿದ್ದರು?

ವಾಪಸು ಬರುವಾಗ ಸವ್ವಾನಿಗೆ ಮೊದಲು ಆದದ್ದು ಸಂತೋಷ. ತಾನು ಕುಡಿದಿಲ್ಲ, ತಲೆ ಕೆಟ್ಟಿಲ್ಲ. ಎರಡು ಬೇಲಿ ದಾಟುವಷ್ಟರಲ್ಲಿ ಸಂತೋಷ ಇಳಿಯಿತು. ಭಾನುವಾರ ಊರೆಲ್ಲ ಹೊಸ ರೊಟ್ಟಿ ತಿನ್ನುತ್ತದೆ. ಅವನಂಥ ಗಟ್ಟಿ ಆಳನ್ನೇ ಮೋರಿಗೆ ಕೆಡವಿದ ರೊಟ್ಟಿ, ಮೊಲೆ ಬಿಟ್ಟ ಕೂಸುಗಳೂ ತಿನ್ನುತ್ತವೆ. ಮರುದಿನದಿಂದ ದಿನವೂ ಅದೇ, ಮುಂದಿನ ಸುಗ್ಗಿಯ ತನಕ. ಹೇಳಲೇಬೇಕು. ಹೇಳಬೇಕೆಂದರೆ ನಾನು ಕುಡಿದಿರಲಿಲ್ಲ ಎನ್ನಬೇಕು. ಹಾಗೆಂದರೆ ಸಭೆಯಲ್ಲಿ ಹೇಳಿದ್ದು ಸುಳ್ಳು ಎಂದಾಯಿತು, ಅವಳು ಹೋಗುತ್ತಾಳೆ. ಹೋಗುತ್ತೇನೆ ಅಂದ ಮೇಲೆ ಹೋಗುವವಳೇ ಅವಳು. ಕುಡಿದದ್ದೂ ನಿಜ, ರೊಟ್ಟಿ ಕೆಟ್ಟದ್ದೂ ನಿಜ ಎಂದುಬಿಟ್ಟರೆ ಹೇಗೆ ಎಂಬ ಮೂರನೆಯ ದಾರಿ ಅವನಿಗೆ ಬಹಳ ಹಿಡಿಸಿತು. ಶನಿವಾರ ಮಲಾನ್ಯಾ ಸಭೆಗೆಂದು ಹೊಸ ಹಿಟ್ಟು ನಾದುತ್ತಿದ್ದಾಗ ಪ್ರಯೋಗ ಮಾಡಿದ.

"ಮಲಾಶಾ, ಆ ಹಿಟ್ಟು ಸರಿಯಿಲ್ಲವಂತೆ ಕಣೆ."

"ಯಾರಂದ್ರು?"

"ಲ್ಯುವಿನ ಹಂದಿ."

ಅವಳು ನಾದುವುದನ್ನು ನಿಲ್ಲಿಸಿ ಅವನನ್ನು ದಿಟ್ಟಿಸಿದಳು. "ಮತ್ತೆ ಹೋಗಿದ್ಯಾ ಅಲ್ಲಿಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಟ್ಟಿಗೆ ಇನ್ನಷ್ಟು ಬಲವಾಗಿ ಗುದ್ದತೊಡಗಿದಳು. ಮೂರನೆಯ ದಾರಿ ಅಲ್ಲಿಗೆ ಮುಗಿಯಿತು.

ಭಾನುವಾರ ಸಭೆಯ ಮನೆಯಲ್ಲಿ ಉದ್ದಕ್ಕೆ ಮೇಜು ಹಾಕಿ, ಚಹಾದ ಗುಂಡು ಹಂಡೆ ಸಮೊವಾರ್ ಕಾಯಿಸಿ, ಬಿಳಿ ಬಟ್ಟೆಯ ಮೇಲೆ ರೊಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ನೋಡಲು ಲಕ್ಷಣವಾಗಿಯೇ ಇದ್ದವು. ಮಕ್ಕಳನ್ನು ಮುಂದೆ ಕೂರಿಸಿದ್ದರು. ನಜಾರ್ ಪ್ರಾರ್ಥನೆ ಮುಗಿಸಿ ಮೊದಲ ರೊಟ್ಟಿಗೆ ಕೈ ಹಾಕಿದಾಗ ಬಾಗಿಲ ಬಳಿಯಿಂದ ಸವ್ವಾ ಎದ್ದ.

"ಭಾವ, ಮುರೀಬೇಡಿ. ಯಾರೂ ತಿನ್ಬೇಡಿ. ಆ ರೊಟ್ಟಿ ಅಮಲು ರೊಟ್ಟಿ."

"ಕುಡಿದಿದ್ಯಾ?" ಎಂದರು ನಜಾರ್.

"ಇಲ್ಲ. ಅವತ್ತೂ ಕುಡಿದಿರ್ಲಿಲ್ಲ. ಹೊಸ ಹಿಟ್ಟಿನ ರೊಟ್ಟಿ ತಿಂದಿದ್ದೆ, ಅಷ್ಟೇ. ಸಾರಾಯಿ, ಲ್ಯು, ನೀಲಿ ಬಟ್ಟಲು, ಎಲ್ಲಾ ಸುಳ್ಳು. ನಿಮ್ಮ ಮುಂದೆ ನಿಂತು ಸುಳ್ಳು ಹೇಳಿದೆ." ಅವನು ಹೆಂಗಸರ ಸಾಲಿನ ಕಡೆ ನೋಡಲಿಲ್ಲ. ನೋಡಲು ಧೈರ್ಯ ಸಾಲಲಿಲ್ಲ.

"ಇದಕ್ಕೆ ಸಾಕ್ಷಿ ಯಾರು?"

"ಲ್ಯುವಿನ ಹಂದಿ. ಒಂದು ಕೋಳಿನೂ ಇದೆ."

ಸಭೆಯಲ್ಲಿ ಎಷ್ಟು ಗದ್ದಲವಾಯಿತೆಂದರೆ ಕೂಸುಗಳು ಅಳತೊಡಗಿದವು. ದೇವರ ಸಭೆಗೆ ಹಂದಿಯ ಸಾಕ್ಷಿ! ನಜಾರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರಿಗೆ ಸವ್ವಾನನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ನ್ಯಾಯ ಬಿಡುವ ಮನುಷ್ಯರಲ್ಲ.

"ಹಂದಿ ಯಾಕೆ, ನಾನೇ ನೋಡ್ತೀನಿ," ಎಂದರು. "ನೀನೊಂದು ತಿನ್ನು, ನಾನೊಂದು ತಿಂತೀನಿ. ಉಳಿದೋರು ಕೀರ್ತನೆ ಹಾಡ್ತಾ ಇರಿ. ಏನೂ ಆಗದಿದ್ರೆ ಇವನು ಇವತ್ತೇ ಊರು ಬಿಡ್ಬೇಕು."

ಹಾಗೆ ನಮ್ಮೂರಿನ ಹಿರಿಯರೂ ಒಲೆಗಾರನೂ ಎದುರುಬದುರು ಕೂತು, ಹಸಿದ ಊರು ನೋಡುತ್ತಿರಲು, ಒಂದೊಂದು ರೊಟ್ಟಿಯನ್ನು ಚೂರೂ ಬಿಡದೆ ತಿಂದರು. ಸಭೆ ಹಾಡಿತು. ಉದ್ದನೆಯ ಕೀರ್ತನೆ ಮುಗಿಯಿತು, ಅದಕ್ಕಿಂತ ಉದ್ದದ್ದು ಶುರುವಾಯಿತು. ನಜಾರ್ ತಾಳ ಹಾಕುತ್ತಿದ್ದರು. ತಾಳ ಮೊದಲು ತಡವಾಯಿತು, ಆಮೇಲೆ ಬೇಗವಾಯಿತು, ಆಮೇಲೆ ಬೇರೆ ಯಾವುದೋ ಹಾಡಿನದಾಯಿತು. ಅವರು ಮೇಜಿನ ಬಟ್ಟೆಯನ್ನು ನೋಡಿ ಒಬ್ಬರೇ ನಕ್ಕರು. ಅಕುಲಿನಾ ಅಜ್ಜಿ ತನ್ನ ಎಂಬತ್ತು ವರ್ಷದಲ್ಲಿ ನಜಾರ್ ನಕ್ಕದ್ದನ್ನು ಕಂಡದ್ದು ಅದೇ ಮೊದಲಂತೆ.

"ಸವ್ವಾ," ಎಂದರು ಎದ್ದು ನಿಂತು, ಸಮೊವಾರಿನ ಭುಜ ಹಿಡಿದು. "ನಿನ್ನ ಕಂಡ್ರೆ ನಂಗೆ ಯಾವತ್ತೂ ಆಗ್ತಿರ್ಲಿಲ್ಲ ಕಣೋ. ಎಷ್ಟು ಒಳ್ಳೆ ಮನುಷ್ಯ ನೀನು. ಎಷ್ಟು ಗುಂಡಗಿದೀಯ."

"ಭಾವ, ಅದು ಸಮೊವಾರು," ಎಂದ ಸವ್ವಾ. ಅವನೂ ಆ ಹೊತ್ತಿಗೆ ಬೆಂಚಿನಿಂದ ಜಾರಿ ನೆಲದಲ್ಲಿದ್ದ.

ಆಮೇಲೆ ಇಬ್ಬರೂ ಕಾರಿಕೊಂಡರು, ಇಬ್ಬರಿಗೂ ಚಳಿ ಹಿಡಿಯಿತು. ಮೇಜಿನ ಮೇಲಿನ ರೊಟ್ಟಿಗಳನ್ನು ಹೆಂಗಸರೇ ಎತ್ತಿ ಬೆಂಕಿಗೆ ಹಾಕಿದರು. ಇಡೀ ವರ್ಷದ ಬೆಳೆ ಹಾಗೇ ಹೋಯಿತು. ಕಣಜ ಖಾಲಿ ಮಾಡುವಾಗ ಗಂಡಸರೂ ಅತ್ತರು, ಅದನ್ನು ಮುಚ್ಚಿಡುವುದೇಕೆ. ಆ ಚಳಿಗಾಲ ಊರು ಲ್ಯುವಿನ ನವಣೆ ಗಂಜಿ ಕುಡಿದು ಬದುಕಿತು. ನಜಾರ್ ಅವನ ಅಂಗಳಕ್ಕೆ ಹೋಗಿ, ನಮ್ಮ ಪದ್ಧತಿಯಂತೆ ಹಣೆ ನೆಲಕ್ಕೆ ಮುಟ್ಟಿಸಿ ಕ್ಷಮೆ ಕೇಳಿದರು. ಸವ್ವಾನೂ ಪಕ್ಕದಲ್ಲೇ ಬಗ್ಗಿದ್ದ. ಲ್ಯು ಗಾಬರಿಯಾಗಿ, "ಏಳಿ ಏಳಿ, ಹಂದಿ ಹೆದರ್ಕೊಳುತ್ತೆ," ಎಂದನಂತೆ. ಅದೆಲ್ಲ ಆಮೇಲಿನ ಮಾತು.

ಆ ಭಾನುವಾರ ಸವ್ವಾ ಗೋಡೆ ಹಿಡಿದುಕೊಂಡು ಮನೆ ಮುಟ್ಟಿದಾಗ ಮಲಾನ್ಯಾ ಮೊದಲೇ ಬಂದಿದ್ದಳು. ಬೆಂಚಿನ ಮೇಲೆ ಗಂಟಿತ್ತು. ಗಂಟಿನ ಪಕ್ಕದಲ್ಲಿ ಅವಳು ಕೂತಿದ್ದಳು.

"ಕಟ್ಟಿದ್ಯಾ?" ಎಂದ ಸವ್ವಾ.

"ಕಟ್ಟಿದೀನಿ. ಹೇಳಿದ್ನಲ್ಲ ಅವತ್ತೇ."

"ಹೇಳಿದ್ದೆ. ನಾನು ತಡಿಯಲ್ಲ. ಯಾವ ಮುಖ ಇಟ್ಕೊಂಡು ತಡೀಲಿ."

ಅವಳು ಏಳಲಿಲ್ಲ. ಗಂಟಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಿನ್ನ ಮೋರಿಯಿಂದ ಹೊತ್ಕೊಂಡು ಬಂದ್ರಲ್ಲ, ಅವತ್ತು ಎಲ್ರೂ ಹೋದ್ಮೇಲೆ ನಿನ್ನ ಬಾಯಿ ಮೂಸಿದೆ," ಎಂದಳು. "ಅವತ್ತೊಂದೇ ದಿನ ಅಲ್ಲ. ಹನ್ನೊಂದು ವರ್ಷ ದಿನಾ ಮೂಸಿದೀನಿ. ನೀನು ಕೆಲಸದಿಂದ ಬಂದಾಗ ಕೋಟು ಇಸ್ಕೊಳೋಕೆ ಬರ್ತಿದ್ನಲ್ಲ, ಅದು ಕೋಟಿಗಲ್ಲ. ಆ ವಾಸನೆ ಈ ಊರಲ್ಲಿ ಗೊತ್ತಿರೋಳು ನಾನೊಬ್ಬಳೇ, ನಿನ್ನಿಂದಲೇ ಕಲ್ತಿದ್ದು. ಅವತ್ತು ಬರೀ ರೊಟ್ಟಿ ವಾಸನೆ ಇತ್ತು. ನೀನು ಕುಡಿದಿಲ್ಲ ಅಂತ ನಂಗೆ ಗೊತ್ತಿತ್ತು."

"ಮತ್ತೆ ನನ್ನ ಜೊತೆ ಬಾಟ್ಲಿ ಹುಡುಕಿದ್ಯಲ್ಲೇ."

"ಹುಡುಕಿದೆ. ಮೂಗು ಹೇಳಿದ್ದನ್ನ ಹೆದರಿಕೆ ಕೇಳಲಿಲ್ಲ. ಸಭೇಲಿ ನೀನು ಕುಡಿದೆ ಅಂದಾಗ ನಂಗೇನಾಯ್ತು ಗೊತ್ತಾ? ಎದೆ ತಣ್ಣಗಾಯ್ತು. ಬಂತಪ್ಪಾ ಕೊನೆಗೂ, ಇನ್ನು ಕಾಯೋದು ತಪ್ಪಿತು ಅಂತ. ಹನ್ನೊಂದು ವರ್ಷ ಒಂದು ದಿನಾನೂ ನಿನ್ನ ನಂಬಿರ್ಲಿಲ್ಲ ಕಣೋ ನಾನು. ಸುಳ್ಳು ಹೇಳಿದಾಗ ನಂಬಿದೆ." ಅವಳಿಗೆ ಅಳು ಒತ್ತಿಕೊಂಡು ಬಂತು. "ಇಂಥೋಳು ನಾನು, ನೀನು ಸುಳ್ಳುಗಾರ ಅಂತ ಗಂಟು ಕಟ್ಕೊಂಡು ಕೂತಿದೀನಿ."

ಸವ್ವಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ತಲೆ ಸಿಡಿಯುತ್ತಿತ್ತು, ಆದರೂ ಮಾತು ನೆಟ್ಟಗೆ ಬಂತು.

"ನೀನು ಮೂಸೋದು ನಂಗೆ ಗೊತ್ತಿತ್ತು ಮಲಾಶಾ."

"ಯಾವಾಗಿಂದ?"

"ಮದುವೆಯಾದ ವಾರದಿಂದ. ಅದಕ್ಕೇ ದಿನಾ ಹೊಸಿಲಲ್ಲಿ ನಿಂತು ಜೋರಾಗಿ ಉಸಿರು ಬಿಡ್ತಿದ್ದೆ. ನಿಂಗೆ ಬಗ್ಗೋ ಕಷ್ಟ ಬೇಡ ಅಂತ."

"ದಮ್ಮು ಅಂದ್ಕೊಂಡಿದ್ದೆ ನಾನು," ಎಂದಳು ಮಲಾನ್ಯಾ. "ದಮ್ಮು ಅಂತ ಚಳಿಗಾಲ ಪೂರ್ತಿ ನಿಂಗೆ ಜೇನುತುಪ್ಪ ಕುಡಿಸಿದೆನಲ್ಲೋ."

"ಕುಡಿದೆ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಸವ್ವಾ ಕೋಟು ಬಿಚ್ಚಿ ಹಿಡಿದ. ಮಲಾನ್ಯಾ ಹತ್ತಿರ ಬಂದು, ಉಸಿರು ಬಿಗಿಹಿಡಿದು, ಕೋಟನ್ನು ಇಸಿದುಕೊಂಡು ಗೂಟಕ್ಕೆ ಹಾಕಿದಳು.